ಕಡಲ್ಗಳ್ಳರ ದಿನಚರಿ: ಚಿನ್ನಕ್ಕಿಂತ ನೀರು, ಹಗ್ಗ, ಔಷಧದ ಚಿಂತೆಯೇ ಹೆಚ್ಚು

1697ರ ಸೆಪ್ಟೆಂಬರ್ ತಿಂಗಳಲ್ಲಿ ಕಾರವಾರದ ಬಂದರಿಗೆ 34 ಫಿರಂಗಿಗಳ ಇಂಗ್ಲಿಷ್ ಹಡಗೊಂದು ಬಂದು ಲಂಗರು ಹಾಕಿತು. ಅದರ ಹೆಸರು ‘ಅಡ್ವೆಂಚರ್ ಗ್ಯಾಲಿ’, ಕಪ್ತಾನ ವಿಲಿಯಂ ಕಿಡ್. ಬಂದ ಉದ್ದೇಶ ತೀರಾ ಸಾಧಾರಣವಾದುದು: ಕುಡಿಯುವ ನೀರು ಮತ್ತು ಸೌದೆ.

ಕಡಲ್ಗಳ್ಳರನ್ನು ಹಿಡಿಯಲೆಂದೇ ಇಂಗ್ಲೆಂಡಿನ ದೊರೆಯಿಂದ ಅಧಿಕಾರಪತ್ರ ಪಡೆದು ಹೊರಟಿದ್ದ ಕಿಡ್, ಆ ವೇಳೆಗಾಗಲೇ ತಾನೇ ಕಡಲ್ಗಳ್ಳತನದ ಹಾದಿ ಹಿಡಿದಿದ್ದ. ನ್ಯೂಯಾರ್ಕ್ ಬಿಟ್ಟು ಒಂದು ವರ್ಷ ಕಳೆದಿತ್ತು. ಬೇಟೆ ಸಿಕ್ಕರೆ ಪಾಲು, ಸಿಗದಿದ್ದರೆ ಬಿಡಿಗಾಸೂ ಇಲ್ಲ ಎಂಬ ಕರಾರಿನ ಮೇಲೆ ಹಡಗು ಹತ್ತಿದ ನಾವಿಕರಿಗೆ ಅಲ್ಲಿಯವರೆಗೆ ದಕ್ಕಿದ್ದು ಅತ್ಯಲ್ಪ. ಕೊಮೊರೊ ದ್ವೀಪಗಳಲ್ಲಿ ತಂಗಿದ್ದಾಗ ಸಾಂಕ್ರಾಮಿಕ ಬೇನೆಗೆ ಸುಮಾರು 50 ಮಂದಿ ಸತ್ತಿದ್ದರು. ಮಲಬಾರ್ ಕರಾವಳಿಯಲ್ಲಿ ಹಿಡಿದ ಸಣ್ಣ ನೌಕೆಯೊಂದರ ಕಪ್ತಾನನನ್ನು ದಾರಿ ತೋರಿಸಲೆಂದು ಎಳೆದುಕೊಂಡು ಬಂದು ಹಡಗಿನ ತಳದಲ್ಲಿ ಬಚ್ಚಿಡಲಾಗಿತ್ತು. ಆತನ ಬಗ್ಗೆ ವಿಚಾರಿಸಲು ಕಾರವಾರದ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರ ಕೋಠಿಯಿಂದ ಹಾರ್ವೆ ಮತ್ತು ಮೇಸನ್ ಎಂಬ ಇಬ್ಬರು ಅಧಿಕಾರಿಗಳು ಹಡಗಿಗೆ ಬಂದರು. ಕಿಡ್ ಏನೂ ಅರಿಯದವನಂತೆ ನಟಿಸಿದ.

ಆದರೆ ಆ ಅಧಿಕಾರಿಗಳು ಬೊಂಬಾಯಿಗೆ ಕಳುಹಿಸಿದ ವರದಿಯಲ್ಲಿ ಒಂದು ಸ್ವಾರಸ್ಯಕರ ಮಾತಿದೆ. ಕಿಡ್ ತನ್ನವರನ್ನು ವಿಪರೀತ ಬಿಗಿಯಿಂದ ಆಳುತ್ತಾನೆ, ಎದುರು ಮಾತನಾಡಿದರೆ ಪಿಸ್ತೂಲು ತೋರಿಸಿ ಗದರಿಸುತ್ತಾನೆ, ಇದು ಇತರ ಕಡಲ್ಗಳ್ಳರ ರೀತಿಯಲ್ಲ ಎಂದು ಅವರು ಬರೆದರು. ಆ ನೊಗವನ್ನು ಕಳಚಿಕೊಳ್ಳಲು ನಾವಿಕರು ಕಾಯುತ್ತಿದ್ದಾರೆಂದೂ ತಿಳಿಸಿದರು. ಅದರಂತೆಯೇ ಕೆಲವರು ಕಾರವಾರದಲ್ಲಿಯೇ ಹಡಗು ಬಿಟ್ಟು ಪರಾರಿಯಾದರು. ಅವರಲ್ಲೊಬ್ಬ ಬೆಂಜಮಿನ್ ಫ್ರಾಂಕ್ಸ್ ಎಂಬ ಒಡವೆ ವ್ಯಾಪಾರಿ. ಭಾರತ ತಲುಪಿದರೆ ಸಾಕೆಂದು ಹಡಗು ಹತ್ತಿದ್ದ ಆತ ಬೊಂಬಾಯಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿಕೆಯಾಗಿ ಬರೆಸಿದ.

‘ಇತರ ಕಡಲ್ಗಳ್ಳರ ರೀತಿ’ ಎಂದರೆ ಯಾವುದು? ದರೋಡೆಕೋರರ ಹಡಗಿನಲ್ಲಿ ಕಪ್ತಾನ ಗದರಿಸುವುದು ಅಪರೂಪದ ಸಂಗತಿಯೆಂದು ಕಂಪನಿಯ ನೌಕರರಿಗೆ ಅನ್ನಿಸಿದ್ದಾದರೂ ಏಕೆ? ಇದಕ್ಕೆ ಉತ್ತರ ಬೇಕಿದ್ದರೆ ಆ ಹಡಗುಗಳಲ್ಲಿ ದಿನ ಹೇಗೆ ಕಳೆಯುತ್ತಿತ್ತು ಎಂಬುದನ್ನು ನೋಡಬೇಕು. ಕಿಡ್‌ನ ನಂತರದ ತಲೆಮಾರಿನ, ಅಂದರೆ 1716ರಿಂದ 1726ರ ನಡುವೆ ಅಟ್ಲಾಂಟಿಕ್ ಸಾಗರದಲ್ಲಿ ಅಲೆದ ಕಡಲ್ಗಳ್ಳರ ಬಗ್ಗೆ ನ್ಯಾಯಾಲಯದ ಕಡತಗಳು, ಸೆರೆಸಿಕ್ಕವರ ನೆನಪುಗಳು ಹಾಗೂ ಮುಳುಗಿದ ಹಡಗುಗಳ ಅವಶೇಷಗಳು ಸಾಕಷ್ಟು ದೊರೆತಿರುವುದರಿಂದ, ಅವರ ದಿನಚರಿಯನ್ನು ತಕ್ಕಮಟ್ಟಿಗೆ ಖಚಿತವಾಗಿಯೇ ಹೇಳಬಹುದು.

ಕೆಲಸ ಕಳೆದುಕೊಂಡವರು

ಮೊದಲನೆಯದಾಗಿ, ಇವರು ಹುಟ್ಟು ದರೋಡೆಕೋರರಲ್ಲ. ಬಹುಪಾಲು ಮಂದಿ ವ್ಯಾಪಾರಿ ಹಡಗುಗಳಲ್ಲಿಯೋ ನೌಕಾಪಡೆಯಲ್ಲಿಯೋ ದುಡಿದ ಸಾಮಾನ್ಯ ನಾವಿಕರು. ಸ್ಪೇನ್ ಸಿಂಹಾಸನಕ್ಕಾಗಿ ಯೂರೋಪಿನಲ್ಲಿ ನಡೆದ ದೀರ್ಘ ಯುದ್ಧ 1713ರ ಸಂಧಿಯೊಡನೆ ಮುಗಿಯುತ್ತಲೇ ಬ್ರಿಟನ್ನಿನ ನೌಕಾಪಡೆ ಎರಡೇ ವರ್ಷಗಳಲ್ಲಿ ಸುಮಾರು 50 ಸಾವಿರ ಜನರಿಂದ 13 ಸಾವಿರದ ಆಸುಪಾಸಿಗೆ ಇಳಿಯಿತು. ಬಂದರುಗಳಲ್ಲಿ ಕೆಲಸವಿಲ್ಲದ ನಾವಿಕರ ಗುಂಪು ನೆರೆಯಿತು. ಯುದ್ಧಕಾಲದಲ್ಲಿ ತಿಂಗಳಿಗೆ 45ರಿಂದ 50 ಷಿಲಿಂಗ್‌ವರೆಗೆ ಇದ್ದ ವ್ಯಾಪಾರಿ ನಾವಿಕನ ಸಂಬಳ ಸುಮಾರು ಅರ್ಧಕ್ಕೆ ಕುಸಿಯಿತು. ಸಿಕ್ಕ ಕೆಲಸದಲ್ಲೂ ಸುಖವಿರಲಿಲ್ಲ. ಕಪ್ತಾನನ ಚಾವಟಿ, ಕಡಿತಗೊಂಡ ಊಟ, ಬಾಕಿ ಉಳಿದ ಸಂಬಳ ಸಾಮಾನ್ಯವಾಗಿದ್ದವು. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಂತೂ ಜ್ವರ, ಅತಿಸಾರಕ್ಕೆ ನಾವಿಕರೂ ದೊಡ್ಡ ಸಂಖ್ಯೆಯಲ್ಲಿ ಬಲಿಯಾಗುತ್ತಿದ್ದರು.

ಆ ದಶಕದಲ್ಲಿ ಒಟ್ಟು ಸುಮಾರು 4,000 ಮಂದಿ ಕಡಲ್ಗಳ್ಳರಾಗಿದ್ದರು ಎಂಬುದು ಇತಿಹಾಸಕಾರ ಮಾರ್ಕಸ್ ರೆಡಿಕರ್ ಅವರ ಅಂದಾಜು. ಅವರ ಸರಾಸರಿ ವಯಸ್ಸು 28ರ ಆಸುಪಾಸು. ಹೆಂಡತಿ ಮಕ್ಕಳಿದ್ದವರು ಕಡಿಮೆ. ನಾವಿಕ ವೃತ್ತಿಯಲ್ಲಿ ಹತ್ತಾರು ವರ್ಷ ಪಳಗಿದ, ಕೈಯಲ್ಲಿ ಕಾಸಿಲ್ಲದ ಯುವಕ. ಇದು ಅಂದಿನ ಕಡಲ್ಗಳ್ಳನ ನಿಜವಾದ ಚಿತ್ರ.

ಕಡಲ್ಗಳ್ಳರು ವ್ಯಾಪಾರಿ ಹಡಗನ್ನು ಹಿಡಿದಾಗ ಅದರ ನಾವಿಕರಿಗೆ ಜೊತೆಗೂಡುವಂತೆ ಆಹ್ವಾನ ನೀಡುವುದು ವಾಡಿಕೆ. ಅನೇಕರು ಅಲ್ಲಿಯೇ ಒಪ್ಪಿ ಪಕ್ಷ ಬದಲಿಸುತ್ತಿದ್ದರು. ಆದರೆ ಬಡಗಿ, ವೈದ್ಯ ಮುಂತಾದ ಕುಶಲಕರ್ಮಿಗಳಿಗೆ ಆಯ್ಕೆಯೇ ಇರುತ್ತಿರಲಿಲ್ಲ. ಹಾಗೆ ಒಯ್ಯಲ್ಪಟ್ಟವರ ಪರವಾಗಿ ಅವರ ಸಂಗಡಿಗರು ಬಾಸ್ಟನ್ನಿನ ಪತ್ರಿಕೆಯಲ್ಲಿ ‘ಈತನನ್ನು ಬಲವಂತದಿಂದ ಕರೆದೊಯ್ಯಲಾಗಿದೆ’ ಎಂಬರ್ಥದ ಪ್ರಕಟಣೆಗಳನ್ನು ಹಾಕಿಸುತ್ತಿದ್ದರು. ಮುಂದೊಂದು ದಿನ ನೇಣಿನ ಮುಂದೆ ನಿಲ್ಲಬೇಕಾದಾಗ ಆ ನಾಲ್ಕು ಸಾಲಿನ ಸುದ್ದಿಯೇ ಜೀವ ಉಳಿಸಬಹುದಿತ್ತು!

ಬಗ್ಗಿಯೇ ನಡೆಯಬೇಕು

ಸುಮಾರು 250 ಟನ್ನಿನ ವ್ಯಾಪಾರಿ ಹಡಗನ್ನು ನಡೆಸಲು ಮಾಲೀಕರು 15ರಿಂದ 18 ಜನರನ್ನಷ್ಟೇ ನೇಮಿಸುತ್ತಿದ್ದರು. ಕಡಲ್ಗಳ್ಳರ ಹಡಗಿನಲ್ಲಿ ಸರಾಸರಿ 80 ಮಂದಿ ಇರುತ್ತಿದ್ದರು. ದೊಡ್ಡ ಹಡಗುಗಳಲ್ಲಿ 150 ಮೀರುತ್ತಿತ್ತು. ಇದರಿಂದ ಒಂದು ಲಾಭ, ಒಂದು ನಷ್ಟ. ಹಾಯಿ ಏರಿಸುವುದು, ಲಂಗರು ಎಳೆಯುವುದು, ತೂತು ಬಿದ್ದ ಹಡಗಿನಿಂದ ಪಂಪು ಹೊಡೆದು ನೀರು ಹೊರಹಾಕುವುದು, ಈ ಎಲ್ಲ ಕೆಲಸ ಹಲವರಲ್ಲಿ ಹಂಚಿಹೋಗಿ ಮೈಗೆ ಆರಾಮ ಸಿಗುತ್ತಿತ್ತು. ಆದರೆ ಮಲಗಲು ಜಾಗವಿರಲಿಲ್ಲ. ಕೆಳ ಅಟ್ಟದಲ್ಲಿ ನೇತುಹಾಕಿದ ಬಟ್ಟೆಯ ತೂಗುಮಂಚಗಳು ಒಂದಕ್ಕೊಂದು ತಗಲುತ್ತಿದ್ದವು. ಸಣ್ಣ ಹಡಗುಗಳಲ್ಲಿ ಸೂರು ಎಷ್ಟು ತಗ್ಗೆಂದರೆ ಬಗ್ಗಿಯೇ ನಡೆಯಬೇಕು. ಶೌಚಕ್ಕೆ ಹಡಗಿನ ಮೂತಿಯಲ್ಲಿ ಸಮುದ್ರದ ಮೇಲೆ ಚಾಚಿದ, ತೂತು ಕೊರೆದ ಹಲಗೆಯೇ ಗತಿ. ಇಲಿ, ಜಿರಳೆ, ಹೇನುಗಳ ಕಾಟ ಹೇಳತೀರದು. ಕೆಳ ಅಟ್ಟದ ತುಂಬ ಕೊಳೆತ ನೀರಿನ ವಾಸನೆ.

ದಿನದ ಬಹುಭಾಗ ಕಳೆಯುತ್ತಿದ್ದುದು ದುರಸ್ತಿಯಲ್ಲಿ. ಹರಿದ ಹಾಯಿ ಹೊಲಿಯಬೇಕು, ಹಗ್ಗ ಹೊಸೆಯಬೇಕು, ಹಲಗೆಗಳ ಸಂದಿಗೆ ಹಳೆಯ ಹಗ್ಗದ ನಾರು ತುರುಕಿ ರಾಳ ಸುರಿಯಬೇಕು. ಬಂದೂಕು, ಕತ್ತಿಗಳನ್ನು ತುಕ್ಕು ಹಿಡಿಯದಂತೆ ಉಜ್ಜಬೇಕು. ಉಳಿದಂತೆ ಕಾಯುವುದು. ದಿಗಂತದಲ್ಲಿ ಹಾಯಿಯೊಂದು ಕಾಣಿಸುವವರೆಗೆ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕಾಯುವುದು.

ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಹಡಗಿನ ತಳ ತೊಳೆಯುವುದು. ಉಷ್ಣವಲಯದ ನೀರಿನಲ್ಲಿ ಹಡಗಿನ ಅಡಿಗೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಂಡು ವೇಗ ತಗ್ಗುತ್ತದೆ. ಮರ ಕೊರೆಯುವ ಹುಳುಗಳು ಹಲಗೆಯನ್ನೇ ತಿಂದುಹಾಕುತ್ತವೆ. ವ್ಯಾಪಾರಿಗಳಿಗೆ ಬಂದರಿನ ಹಡಗುಕಟ್ಟೆಗಳಿದ್ದವು. ಕಡಲ್ಗಳ್ಳರಿಗೆ ಯಾವ ಬಂದರೂ ಇಲ್ಲ. ಹೀಗಾಗಿ ಯಾರೂ ಸುಳಿಯದ ಕೊಲ್ಲಿಯೊಂದನ್ನು ಹುಡುಕಿ, ಫಿರಂಗಿ, ಪೀಪಾಯಿಗಳನ್ನೆಲ್ಲ ದಡಕ್ಕೆ ಇಳಿಸಿ, ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ, ತಳವನ್ನು ಸುಟ್ಟು ಕೆರೆದು ಗಂಧಕ-ಕೊಬ್ಬಿನ ಲೇಪ ಬಳಿಯುತ್ತಿದ್ದರು. ಮತ್ತೆ ಇನ್ನೊಂದು ಮಗ್ಗುಲು. ವರ್ಷಕ್ಕೆ ಹಲವು ಬಾರಿ ಇದು ಅನಿವಾರ್ಯವಾಗಿತ್ತು. ಆ ದಿನಗಳಲ್ಲಿ ನೌಕಾಪಡೆಯ ಹಡಗೊಂದು ಕೊಲ್ಲಿಯ ಬಾಯಿಗೆ ಬಂದು ನಿಂತರೆ ಓಡಲೂ ಆಗದು, ಕಾದಾಡಲೂ ಆಗದು.

ಆದ್ದರಿಂದಲೇ ಅವರ ಲೂಟಿಯ ಪಟ್ಟಿಗಳನ್ನು ಓದಿದರೆ ನಿರಾಸೆಯಾಗುತ್ತದೆ. ಹಗ್ಗ, ಹಾಯಿಬಟ್ಟೆ, ಲಂಗರು, ಮೊಳೆ, ಹಿಟ್ಟು, ಉಪ್ಪುಮಾಂಸ, ಮೇಣದಬತ್ತಿ. ಸಿನಿಮಾಗಳು ತೋರಿಸುವ ಚಿನ್ನದ ಪೆಟ್ಟಿಗೆ ಅಪರೂಪಕ್ಕೆ ಸಿಗುತ್ತಿತ್ತು. ಸಿಕ್ಕರೂ ಅದನ್ನು ಹೂತಿಡುವ ಪರಿಪಾಠವಿರಲಿಲ್ಲ, ತಕ್ಷಣ ಹಂಚಿ ಖರ್ಚು ಮಾಡುವುದೇ ರೂಢಿ. ಕಿಡ್ 1699ರಲ್ಲಿ ನ್ಯೂಯಾರ್ಕ್ ಸಮೀಪದ ಗಾರ್ಡಿನರ್ಸ್ ದ್ವೀಪದಲ್ಲಿ ಹೂತಿಟ್ಟಿದ್ದ, ನಿಜ. ಆದರೆ ಅಧಿಕಾರಿಗಳು ಅದನ್ನು ಅದೇ ವರ್ಷ ಅಗೆದು ತೆಗೆದರು. ಉಳಿದದ್ದು ಬಹುಮಟ್ಟಿಗೆ 1883ರಲ್ಲಿ ಪುಸ್ತಕರೂಪದಲ್ಲಿ ಬಂದ ಸ್ಟೀವನ್‌ಸನ್ನರ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿಯ ಕೊಡುಗೆ.

ಒಂದು ಗುಟುಕು ನೀರು

ಊಟದ ವಿಷಯದಲ್ಲಿ ಅವರ ಬದುಕು ಎರಡು ತುದಿಗಳ ನಡುವೆ ಜೀಕುತ್ತಿತ್ತು. ಬೇಟೆ ಸಿಗದ ದಿನಗಳಲ್ಲಿ ಕಲ್ಲಿನಂಥ ಬಿಸ್ಕತ್ತು, ಅದರೊಳಗಿನ ಹುಳುಗಳ ಸಮೇತ. ಕೆರಿಬಿಯನ್ ದ್ವೀಪಗಳ ಬಳಿ ಇದ್ದರೆ ಕಡಲಾಮೆ ದೊಡ್ಡ ಆಸರೆ. ಹಿಡಿದ ಆಮೆಯನ್ನು ಹಡಗಿನಲ್ಲಿ ಅಂಗಾತ ಮಲಗಿಸಿಟ್ಟರೆ ವಾರಗಟ್ಟಲೆ ಜೀವಂತ ಉಳಿಯುತ್ತಿತ್ತು. ತಾಜಾ ಮಾಂಸಕ್ಕೆ ಬೇರೆ ಶೀತಲ ಪೆಟ್ಟಿಗೆ ಬೇಕಿರಲಿಲ್ಲ. ಒಳ್ಳೆಯ ದಿನಗಳಲ್ಲಿ ಸಾಲ್ಮಗುಂಡಿ. ಮಾಂಸ, ಮೀನು, ಬೇಯಿಸಿದ ಮೊಟ್ಟೆ, ಉಪ್ಪಿನಲ್ಲಿಟ್ಟ ತರಕಾರಿಗಳನ್ನೆಲ್ಲ ಹೆಚ್ಚಿ ಎಣ್ಣೆ, ವಿನಿಗರ್ ಬೆರೆಸಿದ ಇದನ್ನು ಮಾಂಸದ ಕೋಸಂಬರಿ ಎನ್ನಬಹುದು.

ನೀರಿನ ವಿಷಯದಲ್ಲಿ ತಪ್ಪಿದರೆ ಕ್ಷಮೆಯೇ ಇರಲಿಲ್ಲ. ಆ ಕಾಲದ ಅತ್ಯಂತ ಯಶಸ್ವಿ ಕಡಲ್ಗಳ್ಳನೆನಿಸಿದ ಬಾರ್ತಲೋಮ್ಯೂ ರಾಬರ್ಟ್ಸ್ ಆಫ್ರಿಕಾದ ಪಶ್ಚಿಮದ ಕೇಪ್ ವರ್ಡ್ ದ್ವೀಪಗಳಿಗೆ ಹೊರಟು ಗಾಳಿಯ ಲೆಕ್ಕ ತಪ್ಪಿದ. ಹಿಂದಿರುಗಿ ದಕ್ಷಿಣ ಅಮೆರಿಕದ ಕರಾವಳಿಯತ್ತ ಸಾಗಬೇಕಾಗಿ ಬಂದಾಗ 124 ಜನರಿಗೆ ಉಳಿದದ್ದು ಒಂದೇ ಪೀಪಾಯಿ ನೀರು. ದಿನಕ್ಕೆ ತಲಾ ಒಂದು ಗುಟುಕು. ಬಾಯಾರಿಕೆ ತಾಳಲಾರದೆ ಕೆಲವರು ಸಮುದ್ರದ ನೀರನ್ನೂ ತಮ್ಮ ಮೂತ್ರವನ್ನೂ ಕುಡಿದರು, ಹಲವರು ಸತ್ತರು. ಕೊನೆಗೆ ಸುರಿನಾಮ್ ಕರಾವಳಿ ಮುಟ್ಟಿ ನದಿನೀರು ಕಂಡವರು ಬದುಕಿದರು.

ಇನ್ನೊಂದು ತುದಿಯನ್ನು ಕಂಡವನು ಇಂಗ್ಲಿಷ್ ಕಪ್ತಾನ ವಿಲಿಯಂ ಸ್ನೆಲ್‌ಗ್ರೇವ್. 1719ರ ಏಪ್ರಿಲ್‌ನಲ್ಲಿ ಗುಲಾಮರನ್ನು ಕೊಳ್ಳಲು ಸಿಯೆರಾ ಲಿಯೋನ್ ನದಿಗೆ ಬಂದ ಈತನ ಹಡಗು ಮೂರು ಕಡಲ್ಗಳ್ಳ ತಂಡಗಳ ಕೈಗೆ ಸಿಕ್ಕಿತು. ಆತ ಕಂಡ ದೃಶ್ಯ: ದ್ರಾಕ್ಷಾರಸ, ಬ್ರಾಂದಿಯ ಪೀಪಾಯಿಗಳ ಮುಚ್ಚಳ ಒಡೆದು ಬೋಗುಣಿಗಳನ್ನು ಅದ್ದಿ ಕುಡಿದರು. ಬಾಟಲಿಯ ಬಿರಡೆ ತೆಗೆಯುವ ತಾಳ್ಮೆಯಿಲ್ಲದೆ ಕತ್ತಿಯಿಂದ ಕತ್ತನ್ನೇ ಹಾರಿಸಿದರು. ಮಿಕ್ಕಿದ್ದನ್ನು ಒಬ್ಬರ ಮೇಲೊಬ್ಬರು ಎರಚಾಡಿ, ಸಂಜೆ ಹಡಗಿನ ಅಟ್ಟವನ್ನು ಅದರಲ್ಲಿಯೇ ತೊಳೆದರು. ಗಿಣ್ಣು, ಬೆಣ್ಣೆ, ಸಕ್ಕರೆ ಕೆಲವೇ ದಿನಗಳಲ್ಲಿ ಮಂಗಮಾಯ. ಆತನ ಪುಸ್ತಕಗಳು ಸಮುದ್ರ ಸೇರಿದವು. ಪ್ರತಿದಿನವೂ ಅಳೆದು ಕೊಟ್ಟ ಅನ್ನ ತಿಂದು ಬೆಳೆದವರಿಗೆ ಅಳತೆಯೇ ಇಲ್ಲದ ಒಂದು ದಿನ ದೊರೆತರೆ ಹೀಗಾಗುತ್ತದೆ ಎಂದು ಅರ್ಥೈಸಬಹುದೇನೋ.

ಕಪ್ತಾನನಿಗೂ ಒಂದೇ ಮತ

ಕಾರವಾರದ ಅಧಿಕಾರಿಗಳು ಸೂಚಿಸಿದ ‘ರೀತಿ’ ಇಲ್ಲಿಗೆ ಸಂಬಂಧಿಸಿದ್ದು. ಯಾತ್ರೆ ಆರಂಭವಾಗುವ ಮುನ್ನ ಕಡಲ್ಗಳ್ಳರು ಕರಾರುಪತ್ರ ಬರೆದು, ಬೈಬಲ್ ಮುಟ್ಟಿ ಪ್ರಮಾಣ ಮಾಡಿ, ಸಹಿ ಹಾಕುತ್ತಿದ್ದರು. ಜಾನ್ ಫಿಲಿಪ್ಸ್ ಎಂಬಾತನ ತಂಡದಲ್ಲಿ ಬೈಬಲ್ ಇರಲಿಲ್ಲವಾಗಿ ಕೊಡಲಿ ಮುಟ್ಟಿ ಪ್ರಮಾಣ ಮಾಡಿದರಂತೆ. ಕಪ್ತಾನನನ್ನು ಎಲ್ಲರೂ ಸೇರಿ ಆರಿಸುತ್ತಿದ್ದರು, ಬೇಡವಾದರೆ ಇಳಿಸುತ್ತಿದ್ದರು. ಹಡಗನ್ನು ಬೆನ್ನಟ್ಟುವಾಗ, ಕಾದಾಡುವಾಗ ಮಾತ್ರ ಆತನ ಮಾತೇ ಅಂತಿಮ. ಉಳಿದ ವೇಳೆಯಲ್ಲಿ ಊಟ ಹಂಚುವುದು, ಜಗಳ ಬಿಡಿಸುವುದು, ಲೂಟಿಯ ಲೆಕ್ಕ ಇಡುವುದು ಕ್ವಾರ್ಟರ್‌ಮಾಸ್ಟರ್ ಎಂಬ ಇನ್ನೊಬ್ಬ ಚುನಾಯಿತನ ಕೆಲಸ. ಆತ ಕಪ್ತಾನನ ಮೇಲಿನ ಕಾವಲುಗಾರನೂ ಹೌದು.

ರಾಬರ್ಟ್ಸ್‌ನ ಹಡಗಿನ ನಿಯಮಗಳು 1724ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಡಲ್ಗಳ್ಳರ ಚರಿತ್ರೆಯಲ್ಲಿ ದಾಖಲಾಗಿವೆ. ಎಲ್ಲರಿಗೂ ಒಂದೊಂದು ಮತ, ತಾಜಾ ಆಹಾರ ಮತ್ತು ಮದ್ಯದಲ್ಲಿ ಸಮಾನ ಹಕ್ಕು. ಹಣ ಕಟ್ಟಿ ಇಸ್ಪೀಟು, ದಾಳ ಆಡುವಂತಿಲ್ಲ. ರಾತ್ರಿ ಎಂಟಕ್ಕೆ ದೀಪ ಆರಬೇಕು, ಆಮೇಲೂ ಕುಡಿಯಬೇಕೆನಿಸಿದವರು ಮೇಲಟ್ಟದ ಬಯಲಿನಲ್ಲಿ ಕುಳಿತು ಕುಡಿಯಬೇಕು. ಮರ, ರಾಳ, ಮದ್ದಿನಪುಡಿ ತುಂಬಿದ ಹಡಗಿನಲ್ಲಿ ಕುಡುಕನ ಕೈಯ ಮೇಣದಬತ್ತಿ ಎಂಥ ಅಪಾಯವೆಂಬುದನ್ನು ನೆನೆದರೆ ಈ ನಿಯಮದ ಮರ್ಮ ತಿಳಿಯುತ್ತದೆ. ಹಡಗಿನೊಳಗೆ ಹೊಡೆದಾಟ ಕೂಡದು, ಜಗಳವಿದ್ದರೆ ದಡಕ್ಕಿಳಿದು ಪಿಸ್ತೂಲು, ಕತ್ತಿಗಳಿಂದ ಇತ್ಯರ್ಥ. ಯುದ್ಧದ ವೇಳೆ ತಪ್ಪಿಸಿಕೊಂಡವನಿಗೆ ಸಾವು ಅಥವಾ ನಿರ್ಜನ ದ್ವೀಪ. ವಾದ್ಯಗಾರರಿಗೆ ಭಾನುವಾರ ರಜೆ; ಉಳಿದ ಆರು ದಿನ ಹಗಲಾಗಲಿ ಇರುಳಾಗಲಿ, ಕೇಳಿದವರಿಗೆ ನುಡಿಸಬೇಕಾಗಿದ್ದವರಿಗೆ ಅದಷ್ಟೇ ಬಿಡುವು!

ಪಾಲಿನ ಲೆಕ್ಕವೂ ಅಷ್ಟೇ ಸ್ಪಷ್ಟ. ಕಪ್ತಾನ, ಕ್ವಾರ್ಟರ್‌ಮಾಸ್ಟರ್‌ಗೆ ತಲಾ ಎರಡು ಪಾಲು, ಫಿರಂಗಿ ಮುಖ್ಯಸ್ಥ ಮುಂತಾದವರಿಗೆ ಒಂದೂವರೆ, ಇತರ ಅಧಿಕಾರಿಗಳಿಗೆ ಒಂದೂಕಾಲು, ಸಾಮಾನ್ಯನಿಗೆ ಒಂದು. ನೌಕಾಪಡೆಯಲ್ಲಿಯಾಗಲಿ ವ್ಯಾಪಾರಿ ಹಡಗಿನಲ್ಲಿಯಾಗಲಿ ಕಪ್ತಾನನಿಗೂ ನಾವಿಕನಿಗೂ ಇದ್ದ ಅಂತರದ ಮುಂದೆ ಇದು ಏನೂ ಅಲ್ಲ.

ನಿಯಮಗಳು ಕಾಗದಕ್ಕಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಸ್ನೆಲ್‌ಗ್ರೇವ್ ಹೇಳುವ ಪ್ರಸಂಗವೇ ಸಾಕ್ಷಿ. ಆತನ ಹಡಗಿನಲ್ಲಿ ಸಿಕ್ಕ ಮೂರು ಕಸೂತಿ ಕೋಟುಗಳನ್ನು ಮೂವರು ಕಳ್ಳ ಕಪ್ತಾನರು ಹಂಚಿಕೊಂಡು ದಡಕ್ಕೆ ಸವಾರಿ ಹೊರಟರು. ಕುಳ್ಳನಾದ ಕಾಕ್ಲಿನ್‌ಗೆ ಅತ್ಯಂತ ಉದ್ದದ ಕೋಟು ಬಂದು ಹಿಮ್ಮಡಿ ಮುಟ್ಟಿತು. ಬದಲಾಯಿಸಿಕೊಳ್ಳೋಣವೆಂದರೆ ಉಳಿದಿಬ್ಬರು ಒಪ್ಪಲಿಲ್ಲ. ನಗೆಪಾಟಲು ಅಲ್ಲಿಗೇ ಮುಗಿಯಲಿಲ್ಲ. ತಮ್ಮ ಅಪ್ಪಣೆಯಿಲ್ಲದೆ ಕೋಟು ತೊಟ್ಟದ್ದಕ್ಕೆ ತಂಡದವರು ಕೆರಳಿದರು. ಇಂದು ಕೋಟು, ನಾಳೆ ಮತ್ತೇನೋ ಎಂಬುದು ಅವರ ಆತಂಕ. ಮರುದಿನ ಕೋಟುಗಳನ್ನು ಕಪ್ತಾನರಿಂದ ಕಸಿದು ಸಾಮೂಹಿಕ ಪೆಟ್ಟಿಗೆಗೆ ಹಾಕಲಾಯಿತು, ಹರಾಜಿಗೆ.

ಕಾಲಿಗೊಂದು ಬೆಲೆ

ಅಂಗ ಕಳೆದುಕೊಂಡವರಿಗೆ ಪರಿಹಾರ ನೀಡುವ ಪದ್ಧತಿ ಇನ್ನೂ ಹಳೆಯದು. ಕೆರಿಬಿಯನ್ ಸಮುದ್ರದ ‘ಬುಕನೀರ್’ ಕಳ್ಳರೊಡನೆ ವೈದ್ಯನಾಗಿದ್ದ ಎಕ್ಸ್‌ಕ್ವೆಮೆಲಿನ್ 1678ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದರಪಟ್ಟಿಯೇ ಇದೆ. ಬಲಗೈಗೆ 600 ಸ್ಪ್ಯಾನಿಷ್ ಬೆಳ್ಳಿನಾಣ್ಯ ಅಥವಾ ಆರು ಗುಲಾಮರು, ಎಡಗೈಗೆ 500 ಅಥವಾ ಐವರು, ಬಲಗಾಲಿಗೆ 500, ಎಡಗಾಲಿಗೆ 400, ಒಂದು ಕಣ್ಣಿಗೆ 100 ಅಥವಾ ಒಬ್ಬ ಗುಲಾಮ. ಎಲ್ಲರ ಪಾಲು ಹಂಚುವ ಮುನ್ನವೇ ಈ ಹಣ ತೆಗೆದಿರಿಸುತ್ತಿದ್ದರು. ಕಾಲು ಕಳೆದುಕೊಂಡ ವ್ಯಾಪಾರಿ ನಾವಿಕ ಬಂದರಿನಲ್ಲಿ ಭಿಕ್ಷೆ ಬೇಡುತ್ತಿದ್ದ ಕಾಲದಲ್ಲಿ ಕಳ್ಳರ ಹಡಗಿನಲ್ಲಿ ಒಂದು ಬಗೆಯ ವಿಮೆ ಇತ್ತು. ಆ ವಿಮೆಯ ಹಣ ಮನುಷ್ಯರ ರೂಪದಲ್ಲಿಯೂ ಸಂದಾಯವಾಗುತ್ತಿತ್ತು ಎಂಬುದನ್ನೂ ಜೊತೆಗೇ ಓದಿಕೊಳ್ಳಬೇಕು.

ಔಷಧದ ಹಸಿವು ಎಷ್ಟಿತ್ತೆಂಬುದಕ್ಕೆ ಬ್ಲ್ಯಾಕ್‌ಬಿಯರ್ಡ್ ನಿದರ್ಶನ. ಗಡ್ಡದ ಭೀಕರತೆಗೇ ಹೆಸರಾದ ಈತ 1718ರ ಮೇ ತಿಂಗಳಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಬಂದರನ್ನು ಮುತ್ತಿ, ಗಣ್ಯರನ್ನು ಒತ್ತೆ ಇರಿಸಿಕೊಂಡು ಕೇಳಿದ್ದು ಚಿನ್ನವನ್ನಲ್ಲ, ಒಂದು ಪೆಟ್ಟಿಗೆ ಔಷಧವನ್ನು. ಅದೇ ವರ್ಷ ನಾರ್ತ್ ಕರೋಲಿನಾ ತೀರದಲ್ಲಿ ನೆಲಕಚ್ಚಿದ ಆತನ ‘ಕ್ವೀನ್ ಆ್ಯನ್ಸ್ ರಿವೆಂಜ್’ ಹಡಗಿನ ಅವಶೇಷ 1996ರಲ್ಲಿ ಪತ್ತೆಯಾಯಿತು. ಅದರಲ್ಲಿ ಪಾದರಸದ ಕುರುಹುಳ್ಳ ಪಿಚಕಾರಿ ಸಿಕ್ಕಿದೆ. ಅಂದು ಗುಹ್ಯರೋಗಕ್ಕೆ ಪಾದರಸವೇ ಮದ್ದು. ಫಿರಂಗಿಯೊಂದರೊಳಗೆ ತುರುಕಿದ್ದ ಕಾಗದದ ಚೂರುಗಳು 1712ರ ಸಮುದ್ರಯಾನದ ಪುಸ್ತಕವೊಂದರವು ಎಂದು 2018ರಲ್ಲಿ ತಿಳಿದುಬಂತು.

ಮುಳುಗಿದ ಹಡಗುಗಳಲ್ಲಿ ಹೆಚ್ಚು ಮಾತನಾಡುವುದು ಸ್ಯಾಮ್ಯುಯೆಲ್ ಬೆಲ್ಲಾಮಿಯ ‘ವಿಡಾ’. 1717ರ ಏಪ್ರಿಲ್ 26ರ ಬಿರುಗಾಳಿಯಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಒಡೆದು, ಅದರಲ್ಲಿದ್ದ ಸುಮಾರು 146 ಜನರಲ್ಲಿ ಇಬ್ಬರಷ್ಟೇ ಬದುಕಿದರು. 1984ರಲ್ಲಿ ಬ್ಯಾರಿ ಕ್ಲಿಫರ್ಡ್ ತಂಡ ಅದನ್ನು ಪತ್ತೆ ಹಚ್ಚಿತು, ಮರುವರ್ಷ ಸಿಕ್ಕ ಗಂಟೆಯ ಮೇಲೆ ಹಡಗಿನ ಹೆಸರೇ ಇತ್ತು. ದೊರೆತ ಪಶ್ಚಿಮ ಆಫ್ರಿಕಾದ ಚಿನ್ನದ ಆಭರಣಗಳನ್ನು ಕತ್ತರಿಸಲಾಗಿತ್ತು. ತೂಗಿ ಸಮನಾಗಿ ಹಂಚಲೆಂದು. ತಂಡದ ಸೆರೆಸಿಕ್ಕ ಸದಸ್ಯನೊಬ್ಬ ಬಾಸ್ಟನ್ನಿನಲ್ಲಿ ಹೇಳಿದ ಪ್ರಕಾರ ಹಣವನ್ನು ಚೀಲಗಳಲ್ಲಿ ಕಟ್ಟಿ, ಅಟ್ಟಗಳ ನಡುವೆ ಪೆಟ್ಟಿಗೆಗಳಲ್ಲಿಟ್ಟಿದ್ದರು. ಕಾವಲೇ ಇರಲಿಲ್ಲ.

ಅದೇ ಅವಶೇಷದಲ್ಲಿ ರೇಷ್ಮೆ ಕಾಲುಚೀಲ, ಪುಟ್ಟ ಬೂಟಿನೊಡನೆ ಒಂದು ಎಳೆಯ ಕಾಲಿನ ಮೂಳೆ ಸಿಕ್ಕಿತು. ಅದು ಎಂಟರಿಂದ ಹನ್ನೊಂದು ವರ್ಷದೊಳಗಿನ ಬಾಲಕನದೆಂದು ತಜ್ಞರು ನಿರ್ಧರಿಸಿದರು. 1716ರ ನವೆಂಬರ್‌ನಲ್ಲಿ ತಾಯಿಯೊಡನೆ ‘ಬೊನೆಟಾ’ ಎಂಬ ಹಡಗಿನಲ್ಲಿ ಪಯಣಿಸುತ್ತಿದ್ದ ಜಾನ್ ಕಿಂಗ್ ಎಂಬ ಹುಡುಗ ಬೆಲ್ಲಾಮಿಯ ತಂಡ ಸೇರಲು ಹಟ ಹಿಡಿದನೆಂದೂ, ಬಿಡದಿದ್ದರೆ ಪ್ರಾಣ ಕಳೆದುಕೊಳ್ಳುವುದಾಗಿ ಬೆದರಿಸಿದನೆಂದೂ ಆ ಹಡಗಿನ ಕಪ್ತಾನ ಹೇಳಿಕೆ ಕೊಟ್ಟಿದ್ದ. ಮೂಳೆ ಆತನದೇ ಎಂಬುದು ಸಂಶೋಧಕರ ಅಭಿಪ್ರಾಯ. ಹೋಗಿ ಆರು ತಿಂಗಳೂ ತುಂಬಿರಲಿಲ್ಲ.

ಹೆಂಗಸರನ್ನು ವೇಷ ಮರೆಸಿ ಕರೆತಂದರೆ ಮರಣದಂಡನೆ ಎಂಬುದು ರಾಬರ್ಟ್ಸ್‌ನ ನಿಯಮ. ಆದರೂ ಆ್ಯನ್ ಬಾನಿ, ಮೇರಿ ರೀಡ್ ಎಂಬಿಬ್ಬರು ರ‍್ಯಾಕಮ್‌ನ ತಂಡದಲ್ಲಿದ್ದು 1720ರಲ್ಲಿ ಸೆರೆಸಿಕ್ಕರು. ಬೆನ್ನಟ್ಟುವಾಗ ಗಂಡಸರ ಅಂಗಿ, ಷರಾಯಿ; ಬಿಡುವಿನಲ್ಲಿ ಹೆಂಗಸರದೇ ಉಡುಪು ಎಂದು ಜಮೈಕಾದ ನ್ಯಾಯಾಲಯದಲ್ಲಿ ಸಾಕ್ಷಿಗಳು ನುಡಿದರು. ಗರ್ಭಿಣಿಯರೆಂಬ ಕಾರಣಕ್ಕೆ ಇಬ್ಬರಿಗೂ ನೇಣು ತಪ್ಪಿತಾದರೂ ರೀಡ್ ಮುಂದಿನ ವರ್ಷ ಸೆರೆಮನೆಯಲ್ಲಿ ಸತ್ತಳು.

ನಾವಿಕರ ನ್ಯಾಯ

ಸ್ನೆಲ್‌ಗ್ರೇವ್ ಬದುಕುಳಿದದ್ದು ಹೇಗೆ? ಸೆರೆಹಿಡಿದ ಹೊತ್ತಿನಲ್ಲಿ ಕಳ್ಳನೊಬ್ಬ ಆತನನ್ನು ಕೊಲ್ಲಲು ಆಯುಧ ಎತ್ತಿದಾಗ, ಆತನ ನಾವಿಕರೇ ಅಡ್ಡಬಂದು, ಇವನಿಗಿಂತ ಒಳ್ಳೆಯ ಯಜಮಾನನನ್ನು ತಾವು ಕಂಡಿಲ್ಲವೆಂದು ಅಂಗಲಾಚಿದರು. ಸೆರೆಸಿಕ್ಕ ಕಪ್ತಾನ ತನ್ನವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದ ಎಂದು ವಿಚಾರಿಸುವುದು ಕಡಲ್ಗಳ್ಳರ ಪದ್ಧತಿಯಾಗಿತ್ತು. ಕ್ರೂರಿಯೆಂದು ಸಾಬೀತಾದರೆ ಚಾವಟಿಯೇಟು, ಕೆಲವೊಮ್ಮೆ ಸಾವು. ಒಳ್ಳೆಯವನೆಂದರೆ ಬಿಡುಗಡೆ, ಜೊತೆಗೆ ಉಡುಗೊರೆ. ವರ್ಷಗಟ್ಟಲೆ ಏಟು ತಿಂದವರು ಕಟ್ಟಿಕೊಂಡ ನ್ಯಾಯಾಲಯವಿದು.

ಆದರೆ ಸ್ನೆಲ್‌ಗ್ರೇವ್ ‘ಒಳ್ಳೆಯವನು’ ಆಗಿದ್ದುದು ತನ್ನ ನಾವಿಕರಿಗೆ. ಆತ ಕೊಂಡು ಮಾರುತ್ತಿದ್ದ ಆಫ್ರಿಕನ್ನರನ್ನು ಯಾರೂ ಅಭಿಪ್ರಾಯ ಕೇಳಲಿಲ್ಲ. ಕಪ್ಪುಜನರು ಕಡಲ್ಗಳ್ಳರ ಹಡಗುಗಳಲ್ಲಿ ಇದ್ದರು, ಕೆಲವರು ಆಯುಧ ಹಿಡಿದು ಸಮಾನ ಪಾಲು ಪಡೆದದ್ದೂ ಉಂಟು. ಬಹಳಷ್ಟು ಸಲ ಅವರು ದುಡಿಯುವ ಆಳುಗಳು, ಇಲ್ಲವೇ ಮಾರುವ ಸರಕು. 1722ರ ಜನವರಿಯಲ್ಲಿ ರಾಬರ್ಟ್ಸ್ ಪಶ್ಚಿಮ ಆಫ್ರಿಕಾದ ವಿಡಾ ಬಂದರಿನಲ್ಲಿ ಗುಲಾಮ ಹಡಗುಗಳನ್ನು ಹಿಡಿದು ತಲಾ ಎಂಟು ಪೌಂಡ್ ಚಿನ್ನದ ಪುಡಿ ಬಿಡುಗಡೆಹಣವಾಗಿ ಕೇಳಿದ. ‘ಪೋರ್ಕ್ಯುಪೈನ್’ ಹಡಗಿನ ಕಪ್ತಾನ ಕೊಡಲೊಪ್ಪಲಿಲ್ಲ. ಅದಕ್ಕೆ ಬೆಂಕಿ ಇಡಲಾಯಿತು. ಒಳಗೆ ಇಬ್ಬಿಬ್ಬರನ್ನು ಜೊತೆಮಾಡಿ ಸಂಕೋಲೆ ತೊಡಿಸಿದ್ದ 80 ಮಂದಿ ಆಫ್ರಿಕನ್ನರಿದ್ದರು. ಸಂಕೋಲೆ ಬಿಚ್ಚಲು ಹೊತ್ತು ಹಿಡಿಯುತ್ತದೆಂಬ ಕಾರಣಕ್ಕೆ ಅವರನ್ನು ಹಾಗೆಯೇ ಬಿಡಲಾಯಿತು. ಉರಿಗೆ ಹೆದರಿ ಸಮುದ್ರಕ್ಕೆ ಹಾರಿದವರನ್ನು ಶಾರ್ಕ್‌ಗಳು ಹರಿದು ತಿಂದವು.

ಒಂದು ತಿಂಗಳೊಳಗೆ ರಾಬರ್ಟ್ಸ್‌ನ ಸರದಿ ಬಂತು. ಫೆಬ್ರವರಿ 10ರ ಬೆಳಿಗ್ಗೆ ಆಫ್ರಿಕಾದ ಕೇಪ್ ಲೋಪೆಜ್ ಬಳಿ ಆತ ಸಾಲ್ಮಗುಂಡಿಯ ಉಪಾಹಾರದಲ್ಲಿದ್ದಾಗ ನೌಕಾಪಡೆಯ ‘ಸ್ವಾಲೋ’ ಹಡಗು ಮೇಲೆ ಬಿತ್ತು. ಹಿಂದಿನ ದಿನ ಹಿಡಿದ ಹಡಗಿನ ಮದ್ಯ ಕುಡಿದಿದ್ದ ತಂಡಕ್ಕೆ ಅಮಲು ಇಳಿದಿರಲಿಲ್ಲ. ಚಹಾ ಪ್ರಿಯನಾಗಿದ್ದ, ಮದ್ಯವನ್ನು ಅಷ್ಟಾಗಿ ಮುಟ್ಟದ ರಾಬರ್ಟ್ಸ್ ಗಂಟಲಿಗೆ ಗುಂಡೇಟು ಬಿದ್ದು ಸತ್ತ. ಮೊದಲೇ ಕೇಳಿಕೊಂಡಿದ್ದಂತೆ ಆತನ ಶವವನ್ನು ಉಡುಪು, ಆಯುಧ ಸಮೇತ ನೀರಿಗೆ ಎಸೆಯಲಾಯಿತು. ಎಲ್ಲರೂ ಸಹಿ ಹಾಕಿದ್ದ ಮೂಲ ಕರಾರುಪತ್ರವನ್ನೂ ಸಮುದ್ರಕ್ಕೆ ಹಾಕಿದರು. ನ್ಯಾಯಾಲಯದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷ್ಯ ಇರುತ್ತಿರಲಿಲ್ಲ.

ಉಳಿದವರ ವಿಚಾರಣೆ ನಡೆದದ್ದು ಇಂದಿನ ಘಾನಾದ ಕೇಪ್ ಕೋಸ್ಟ್ ಕೋಟೆಯಲ್ಲಿ. ಬಲವಂತಕ್ಕೆ ಸಿಕ್ಕವರೆಂದು ನಂಬಲಾದ 74 ಮಂದಿ ಖುಲಾಸೆಯಾದರು, 52 ಮಂದಿಯನ್ನು ಗಲ್ಲಿಗೇರಿಸಲಾಯಿತು. ಗಲ್ಲಿಗೇರಿದವರಲ್ಲಿ ವೈದ್ಯ ಪೀಟರ್ ಸ್ಕುಡಾಮೋರ್ ಕೂಡ ಒಬ್ಬ. ಉಳಿದ ವೈದ್ಯರು ಹಿಂಜರಿದಾಗ ತಾನು ಮನಃಪೂರ್ವಕ ಸಹಿ ಹಾಕಿದ್ದೇನೆಂದು ಹೆಮ್ಮೆ ಕೊಚ್ಚಿಕೊಂಡಿದ್ದ ಈತ, ಸೆರೆಯಾಗಿ ಕೋಟೆಗೆ ಬರುವ ದಾರಿಯಲ್ಲಿ ಅಂಗೋಲಾದ ಭಾಷೆಯನ್ನು ಅಷ್ಟಿಷ್ಟು ಕಲಿತು, ಹಡಗಿನಲ್ಲಿದ್ದ ಆಫ್ರಿಕನ್ನರೊಡನೆ ಸೇರಿ ದಂಗೆಯೇಳಲು ಸಂಚು ಹೂಡಿದ್ದ. ಸಂಚು ಬಯಲಾಯಿತು. ರಾಬರ್ಟ್ಸ್‌ನ ಹಡಗುಗಳಲ್ಲಿದ್ದ 70ಕ್ಕೂ ಹೆಚ್ಚು ಆಫ್ರಿಕನ್ನರ ಮೇಲೆ ವಿಚಾರಣೆ ನಡೆಯಲಿಲ್ಲ. ಅವರನ್ನು ಮಾರಲಾಯಿತು.